ಸುದ್ದಿಯೂ ಒಂದು ಅಮಾನತ್: ಹಾಜಿಗಳ ಪತ್ರದಿಂದ ಸಿಮ್ ಕಾರ್ಡಿನವರೆಗೆ

ಹಜ್ಜ್ ಯಾತ್ರೆಗೆ ಹೊರಡುವವರಿಗಾಗಿ ನಡೆಯುವ ತರಬೇತಿ ಶಿಬಿರಗಳಲ್ಲಿ ಪ್ರತಿವರ್ಷವೂ ಕಾಣುವ ದೃಶ್ಯವೊಂದಿದೆ. ಇಹ್ರಾಮ್, ತವಾಫ್, ಸಅಈ, ಅರಫಾದ ನಿಲುಗಡೆ ಇವುಗಳ ವಿವರಣೆ ಮುಗಿದು ಪ್ರಶ್ನೋತ್ತರ ಆರಂಭವಾದೊಡನೆ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಮೆಲ್ಲನೆ ಎದ್ದು, ಜುಬ್ಬಾದ ಜೇಬಿನಿಂದ ಫೋನನ್ನು ತೆಗೆದು, "ಇದು ಅಲ್ಲಿ ನಡೆಯುತ್ತದೆಯೇ?" ಎಂದು ಕೇಳುತ್ತಾರೆ. ಸಭೆಯಲ್ಲಿ ಸಣ್ಣ ನಗೆಯೊಂದು ಹರಿಯುತ್ತದೆ. ಇಬಾದತ್ತಿನ ಪಾಠದ ನಡುವೆ ಫೋನಿನ ಮಾತೇಕೆ ಎಂಬುದು ಆ ನಗೆಯ ಅರ್ಥ.

ಒಂದು ಕಾಲಕ್ಕೆ ನಾವೂ ಹಾಗೆ ನಕ್ಕವರೇ. ಈಗ ನಗುವುದಿಲ್ಲ. ಆ ಹಿರಿಯರ ಪ್ರಶ್ನೆ ಯಂತ್ರವನ್ನು ಕುರಿತದ್ದಾಗಿ ಕಂಡರೂ ಅದರ ಒಳಗಿರುವುದು ಬೇರೆಯೇ ಪ್ರಶ್ನೆ: 'ನಾನು ದೂರ ಹೋದ ಮೇಲೆ ನನ್ನ ಮನೆಯವರಿಗೆ ನನ್ನ ಕ್ಷೇಮ ಹೇಗೆ ತಿಳಿದೀತು?' ಈ ಪ್ರಶ್ನೆ ಹಜ್ಜಿನಷ್ಟೇ ಹಳೆಯದು. ಹಡಗು, ಪತ್ರ, ತಂತಿ, ದೂರವಾಣಿ, ಸಿಮ್ ಕಾರ್ಡು ಇವೆಲ್ಲ ಆಯಾ ಕಾಲ ಅದಕ್ಕೆ ಕೊಟ್ಟ ಉತ್ತರಗಳು. ಆ ಉತ್ತರಗಳ ಚರಿತ್ರೆಯನ್ನು ನಮ್ಮ ರಾಮಗಿರಿಯ ನೆನಪುಗಳೊಂದಿಗೆ ಇಲ್ಲಿ ಬರೆಯಲು ಪ್ರಯತ್ನಿಸಿದ್ದೇವೆ.

ಸುದ್ದಿ ಬಾರದ ಆ ದಿನ

ಹಿಜರಿ 6ನೆಯ ವರ್ಷ, ಕ್ರಿ.ಶ. 628. ಪ್ರವಾದಿ ಮುಹಮ್ಮದ್(ಸ)ರು ಸುಮಾರು 1400 ಮಂದಿ ಸಂಗಾತಿಗಳೊಂದಿಗೆ ಉಮ್ರಾ ನಿರ್ವಹಿಸಲೆಂದು ಮದೀನಾದಿಂದ ಹೊರಟು ಮಕ್ಕಾದ ಸಮೀಪದ ಹುದೈಬಿಯಾದಲ್ಲಿ ತಂಗಿದ್ದರು. ತಾವು ಬಂದಿರುವುದು ಯುದ್ಧಕ್ಕಲ್ಲ, ಕಅಬಾದ ದರ್ಶನಕ್ಕೆ ಎಂಬ ಸಂದೇಶವನ್ನು ಕುರೈಶರಿಗೆ ತಲುಪಿಸಲು ಹಝ್ರತ್ ಉಸ್ಮಾನ್(ರ)ರನ್ನು ನಗರದೊಳಕ್ಕೆ ಕಳುಹಿಸಲಾಯಿತು. ಹೋದವರು ನಿರೀಕ್ಷಿಸಿದ ಹೊತ್ತಿಗೆ ಹಿಂದಿರುಗಲಿಲ್ಲ. ಅವರಿಂದ ಯಾವ ಸುದ್ದಿಯೂ ಬರಲಿಲ್ಲ. ಅಷ್ಟರಲ್ಲಿ, ಉಸ್ಮಾನರನ್ನು ಕೊಂದುಬಿಟ್ಟರಂತೆ ಎಂಬ ವದಂತಿ ಶಿಬಿರದಲ್ಲಿ ಹಬ್ಬಿತು. ಮರವೊಂದರ ಕೆಳಗೆ ಸಂಗಾತಿಗಳೆಲ್ಲರೂ ಪ್ರಾಣ ಕೊಡಲೂ ಸಿದ್ಧರೆಂದು ಪ್ರತಿಜ್ಞೆಗೈದರು. ಇತಿಹಾಸ ಅದನ್ನು 'ಬೈಅತುರ್ರಿಝ್ವಾನ್' ಎಂದು ಸ್ಮರಿಸುತ್ತದೆ. ಬಳಿಕ ವದಂತಿ ಸುಳ್ಳೆಂದು ತಿಳಿಯಿತು. ಉಸ್ಮಾನ್(ರ) ಕ್ಷೇಮವಾಗಿದ್ದರು. ಮುಂದೆ ನಡೆದದ್ದು ಯುದ್ಧವಲ್ಲ, ಒಪ್ಪಂದ.

ಆ ಪ್ರತಿಜ್ಞೆಯ ಮಹಿಮೆಯನ್ನು ನಮ್ಮ ಉಲಮಾಗಳು ವಿವರಿಸಿದ್ದಾರೆ. ನಮ್ಮ ಗಮನ ಇಲ್ಲಿ ಅದರ ಹಿಂದಿನ ಒಂದು ಸಣ್ಣ ಸಂಗತಿಯ ಮೇಲಿದೆ. ಸುದ್ದಿ ಬರಬೇಕಾದ ಜಾಗ ಬರಿದಾದಾಗ ವದಂತಿ ಅದನ್ನು ತುಂಬುತ್ತದೆ. ಅತ್ಯುತ್ತಮ ಸಮುದಾಯದ ನಡುವೆಯೇ ಹೀಗಾಗಿರುವಾಗ ನಮ್ಮಂಥವರ ಪಾಡೇನು?

ಪ್ರವಾಸಿಯ ಮೇಲೆ ಮನೆಯವರಿಗಿರುವ ಹಕ್ಕನ್ನು ಪ್ರವಾದಿವರ್ಯರು(ಸ) ಬೇರೆ ಸಂದರ್ಭಗಳಲ್ಲೂ ನೆನಪಿಸಿದ್ದಾರೆ. ದೀರ್ಘ ಪ್ರವಾಸದಿಂದ ಮರಳುವವನು ಮುನ್ಸೂಚನೆ ಇಲ್ಲದೆ ರಾತ್ರಿ ವೇಳೆ ದಿಢೀರನೆ ಮನೆಗೆ ನುಗ್ಗಬಾರದೆಂದು ಅವರು ಕಲಿಸಿದರು. ಬಂದ ಕಾರ್ಯ ಮುಗಿದೊಡನೆ ಮನೆಯವರ ಬಳಿಗೆ ಬೇಗನೆ ಮರಳಬೇಕೆಂದೂ ಹೇಳಿದರು. ಹೋಗುವವನು ಒಬ್ಬನೇ ಆದರೂ ಅವನ ಪ್ರವಾಸದಲ್ಲಿ ಮನೆಯವರೆಲ್ಲರ ಮನಸ್ಸೂ ಪಾಲ್ಗೊಂಡಿರುತ್ತದೆ ಎಂಬುದು ಈ ಬೋಧನೆಗಳ ಹಿಂದಿರುವ ತಿಳಿವು.

ರಾಮಗಿರಿ ನಿಲ್ದಾಣದಿಂದ ಜಿದ್ದಾದವರೆಗೆ

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯನ್ನು ರೈಲಿನಲ್ಲಿ ಹೋಗುವವರು ಬಲ್ಲರು. ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಸಾಗುವ ಮಾರ್ಗದಲ್ಲಿ ಹೊಸದುರ್ಗ ರೋಡ್ ಕಳೆದು ಹೊಳಲ್ಕೆರೆ ಬರುವ ಮೊದಲು ಈ ಪುಟ್ಟ ನಿಲ್ದಾಣ ಸಿಗುತ್ತದೆ. ನಮ್ಮ ಅಜ್ಜನ ತಲೆಮಾರಿನವರ ಹಜ್ಜ್ ಯಾತ್ರೆ ಆರಂಭವಾಗುತ್ತಿದ್ದುದು ಇಲ್ಲಿಂದಲೇ. ಹೊರಡುವ ಹಾಜಿ ವಾರದ ಮೊದಲೇ ಊರಿನ ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಆದ ತಪ್ಪುಗಳಿಗೆ ಕ್ಷಮೆ ಕೇಳುತ್ತಿದ್ದರು. ಸಾಲ ತೀರಿಸಿ, ವಸಿಯ್ಯತ್ ಬರೆದಿಟ್ಟು, ಬೀಗದ ಕೈಯನ್ನು ಹಿರಿಯ ಮಗನಿಗೆ ಒಪ್ಪಿಸುತ್ತಿದ್ದರು. ನಿಲ್ದಾಣಕ್ಕೆ ಊರೇ ಬರುತ್ತಿತ್ತು. ಜಾತಿ ಮತಗಳ ಎಣಿಕೆಯಿಲ್ಲದೆ ನೆರೆಯವರು ಹಾರ ಹಾಕಿ ಬೀಳ್ಕೊಡುತ್ತಿದ್ದರು.

ಅಲ್ಲಿಂದ ಹುಬ್ಬಳ್ಳಿ, ಮೀರಜ್, ಪುಣೆಗಳನ್ನು ದಾಟಿ ಮುಂಬಯಿ. ಮುಂಬಯಿಯಲ್ಲಿ ಕ್ರಾಫರ್ಡ್ ಮಾರುಕಟ್ಟೆಯ ಬಳಿಯ ಸಾಬೂ ಸಿದ್ದೀಕ್ ಮುಸಾಫಿರ್‌ಖಾನದಂತಹ ತಂಗುದಾಣಗಳಲ್ಲಿ ಹಡಗಿಗಾಗಿ ಕಾಯುವಿಕೆ. 1877ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮುಂದೆ ಮೊಗಲ್ ಲೈನ್ ಎಂದು ಹೆಸರಾದ ಕಂಪನಿಯ ಹಡಗುಗಳು ಹಲವು ದಶಕಗಳ ಕಾಲ ಭಾರತದ ಹಾಜಿಗಳನ್ನು ಜಿದ್ದಾಕ್ಕೆ ಒಯ್ದವು. ವಾರಕ್ಕೂ ಮೀರಿದ ಸಮುದ್ರಯಾನ. ಬಹುಕಾಲದವರೆಗೆ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಆರೋಗ್ಯ ತಪಾಸಣೆಗಾಗಿ ಕಡ್ಡಾಯ ನಿಲುಗಡೆ. ಹಜ್ಜಿಗೆ ಹಡಗಿನಲ್ಲಿ ಹೋಗುವ ಈ ಪರಂಪರೆ ಕೊನೆಗೊಂಡದ್ದು 1995ರಲ್ಲಿ.

ಆ ಕಾಲದಲ್ಲಿ ಹಾಜಿಗೆ ತನ್ನದೇ ಆದ ವಿಳಾಸವಿರಲಿಲ್ಲ. ಮಕ್ಕಾದಲ್ಲಿ ಯಾತ್ರಿಕರ ವಸತಿ ಮತ್ತು ಮಾರ್ಗದರ್ಶನದ ಹೊಣೆ ಹೊತ್ತ ಮುಅಲ್ಲಿಮರ ವಿಳಾಸವೇ ಅವರ ವಿಳಾಸ. ಮನೆಯವರು ಬರೆದ ಪತ್ರ ಮುಅಲ್ಲಿಮರ ಮನೆಗೆ ಹೋಗಿ, ಅಲ್ಲಿ ಹೆಸರು ಕೂಗಿದಾಗ ಕೈ ಎತ್ತಿದವರಿಗೆ ಸಿಗಬೇಕು. ನಮ್ಮ ಮನೆಯಲ್ಲಿ ಇಂದಿಗೂ ಹೇಳುವ ಕತೆಯೊಂದಿದೆ. ಮುತ್ತಜ್ಜನವರು ಮಕ್ಕಾದಿಂದ ಬರೆದ ನೀಲಿ ಏರೋಗ್ರಾಮ್ ರಾಮಗಿರಿಗೆ ತಲುಪಿದಾಗ ಅದನ್ನು ಅಂಚೆಯವನ ಕೈಯಿಂದ ಪಡೆದವರು ಸ್ವತಃ ಮುತ್ತಜ್ಜನವರೇ ಅಂತೆ! 'ನಾನು ಕ್ಷೇಮವಾಗಿದ್ದೇನೆ, ಚಿಂತಿಸಬೇಡಿ' ಎಂದು ಬರೆದವರು ಜಗಲಿಯ ಮೇಲೆ ಕುಳಿತು ತಮ್ಮ ಕ್ಷೇಮ ಸಮಾಚಾರವನ್ನು ತಾವೇ ಓದಿದರು. ಎಲ್ಲರೂ ನಕ್ಕರಂತೆ; ಮುತ್ತಜ್ಜಿಯೊಬ್ಬರು ಮಾತ್ರ ನಗದೆ ಒಳಗೆ ಹೋದರಂತೆ. ಆ ಪತ್ರಕ್ಕಾಗಿ ತಿಂಗಳುಗಟ್ಟಲೆ ಬಾಗಿಲು ನೋಡಿದವರು ಅವರು.

ಮಂಡಿಯ ದೂರವಾಣಿ

ದೂರವಾಣಿ ಬಂದ ಮೇಲೆ ಈ ಕಾಯುವಿಕೆ ತಿಂಗಳುಗಳಿಂದ ದಿನಗಳಿಗೆ ಇಳಿಯಿತು. 1980ರ ದಶಕದ ಕೊನೆಯಿಂದ ಹಳದಿ ಫಲಕದ ಎಸ್.ಟಿ.ಡಿ. ಬೂತುಗಳು ತಾಲ್ಲೂಕು ಕೇಂದ್ರಗಳಿಗೆ ಹಬ್ಬಿದವು. ಗಾಜಿನ ಕೋಣೆ, ಗೋಡೆಯ ಮೇಲೆ ಓಡುವ ಕೆಂಪು ಅಂಕಿಗಳು, ಹೊರಗೆ ಕಾಯುವ ಸಾಲು ಇವನ್ನು ಕಂಡ ತಲೆಮಾರು ಇನ್ನೂ ನಮ್ಮ ನಡುವಿದೆ. ಆದರೆ ಬೂತಿನಿಂದ ಕರೆ ಮಾಡಬಹುದಿತ್ತೇ ಹೊರತು ಹಾಜಿಯನ್ನು ಕರೆಯುವ ಮಾರ್ಗವಿರಲಿಲ್ಲ. ಅವರೇ ಅಲ್ಲಿನ ಬೂತಿಗೆ ಹೋಗಿ ಕರೆ ಮಾಡಬೇಕು; ಊರಿನಲ್ಲಿ ದೂರವಾಣಿ ಇದ್ದ ಯಾರದಾದರೂ ಮನೆಯಲ್ಲಿ ಅದು ಮೊಳಗಬೇಕು. ಆಗ ಜನ 'ಪಿ.ಪಿ. ನಂಬರ್' ಎಂದು ಬರೆದುಕೊಡುತ್ತಿದ್ದ ಸಂಖ್ಯೆ ಹೆಚ್ಚಾಗಿ ನೆರೆಯವರದೇ.

1997ರ ಏಪ್ರಿಲ್ 15ರಂದು ಮಿನಾದ ಡೇರೆಗಳಿಗೆ ಬೆಂಕಿ ಬಿತ್ತು. ಅಧಿಕೃತ ಲೆಕ್ಕದಂತೆ 343 ಯಾತ್ರಿಕರು ಶಹೀದರಾದರು, 1500ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮೃತರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳವರು ಬಹಳ. ಆ ವರ್ಷ ನಮ್ಮ ನಾನಾ ಹಜ್ಜಿಗೆ ಹೋಗಿದ್ದರು. ರೇಡಿಯೊ ಸುದ್ದಿ ಕೇಳಿದ ಕ್ಷಣದಿಂದ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನಾನಾ ಬರೆದುಕೊಂಡು ಹೋಗಿದ್ದ ಸಂಖ್ಯೆ ಅಡಿಕೆ ಮಂಡಿಯ ಗೌಡರದು. ಗೌಡರು ರಾತ್ರಿ ಮಂಡಿಯ ಬಾಗಿಲು ಹಾಕದೆ ದೂರವಾಣಿಯ ಪಕ್ಕದಲ್ಲೇ ಮಂಚ ಹಾಕಿ ಮಲಗಿದರು. ನಾಲ್ಕನೆಯ ದಿನ ನಸುಕಿನಲ್ಲಿ ಗಂಟೆ ಮೊಳಗಿತು. ಆ ವಯಸ್ಸಿನಲ್ಲೂ ಗೌಡರು ಬರಿಗಾಲಿನಲ್ಲಿ ಓಡಿಬಂದು, "ನಿಮ್ಮ ಯಜಮಾನರು ಚೆನ್ನಾಗಿದ್ದಾರಮ್ಮಾ" ಎಂದು ಬಾಗಿಲಲ್ಲೇ ನಿಂತು ಕೂಗಿದ್ದು ನಮ್ಮ ಕಿವಿಯಲ್ಲಿ ಇನ್ನೂ ಇದೆ. ಅವರು ತಂದದ್ದು ಒಂದೇ ವಾಕ್ಯ. ಆದರೆ ಆ ವಾಕ್ಯಕ್ಕಾಗಿ ನಾಲ್ಕು ದಿನ ಕಾದ ಮನೆಗೆ ಅದರ ತೂಕ ಗೊತ್ತು. ಗೌಡರು ಕಾಪಾಡಿದ್ದು ಒಂದು ಅಮಾನತ್ ಎಂದೇ ನಮ್ಮ ನಾನಿ ಕೊನೆಯವರೆಗೂ ಹೇಳುತ್ತಿದ್ದರು.

ಗುರುತು ಬೇರೆ, ಸಾಧನ ಬೇರೆ

ನಮ್ಮಲ್ಲಿ ಮಂಡಿಯ ದೂರವಾಣಿಯೇ ಆಸರೆಯಾಗಿದ್ದ ಆ ವರ್ಷಗಳಲ್ಲೇ ಯುರೋಪಿನಲ್ಲಿ ರೂಪುಗೊಂಡ ವ್ಯವಸ್ಥೆಯೊಂದು ಜಗತ್ತಿನಲ್ಲಿ ಹರಡುತ್ತಿತ್ತು. ಅಲ್ಲಿ ಗಡಿ ದಾಟಿದರೆ ಒಂದು ದೇಶದ ಮೊಬೈಲ್ ಇನ್ನೊಂದು ದೇಶದಲ್ಲಿ ಕೆಲಸ ಮಾಡುತ್ತಿರಲಿಲ್ಲ. ಈ ತೊಡಕನ್ನು ನಿವಾರಿಸಲು 1982ರಲ್ಲಿ ಅಲ್ಲಿನ ದೇಶಗಳು ಸಮಿತಿಯೊಂದನ್ನು ರಚಿಸಿದವು. ಜಿ.ಎಸ್.ಎಂ. ಎಂಬ ಹೆಸರು ಬಂದದ್ದು ಆ ಸಮಿತಿಯಿಂದಲೇ. ಆ ಪದ್ಧತಿಯ ಜಾಲದಲ್ಲಿ ಮೊದಲ ಕರೆ ನಡೆದದ್ದು 1991ರ ಜುಲೈ 1ರಂದು, ಫಿನ್ಲೆಂಡಿನಲ್ಲಿ. ಭಾರತದಲ್ಲಿ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು: ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಕೋಲ್ಕತ್ತಾದಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರೊಂದಿಗೆ ಮಾತನಾಡಿದರು. ಕಾಕತಾಳೀಯವೋ ಏನೋ, ಹಾಜಿಗಳ ಹಡಗು ನಿಂತದ್ದೂ ಅದೇ ವರ್ಷ.

ಜಿ.ಎಸ್.ಎಂ. ಪದ್ಧತಿಯ ಮುಖ್ಯ ಸೂತ್ರವನ್ನು ಸರಳವಾಗಿ ಹೀಗೆ ಹೇಳಬಹುದು: ಮನುಷ್ಯನ ಗುರುತನ್ನು ಸಾಧನದಿಂದ ಬೇರ್ಪಡಿಸಬೇಕು. ಫೋನಿಗೆ ತನ್ನದೇ ಆದ 15 ಅಂಕಿಗಳ ಸಂಖ್ಯೆಯಿದೆ. ಅದು ಯಂತ್ರದ ಗುರುತು. ಚಂದಾದಾರನ ಗುರುತು ಮಾತ್ರ ಸಿಮ್ ಎಂಬ ಪುಟ್ಟ ಚಿಪ್ಪಿನಲ್ಲಿದೆ. ಅದರಲ್ಲಿರುವ ಸಂಖ್ಯೆಯ ಮೊದಲ ಮೂರು ಅಂಕಿಗಳು ದೇಶವನ್ನು ಸೂಚಿಸುತ್ತವೆ: ಭಾರತಕ್ಕೆ 404 ಮತ್ತು 405, ಸೌದಿ ಅರೇಬಿಯಾಕ್ಕೆ 420. ಸೌದಿಯೂ ಇದೇ ಪದ್ಧತಿಯನ್ನು ಅನುಸರಿಸಿದ್ದರಿಂದ ರಾಮಗಿರಿಯಲ್ಲಿ ಕೊಂಡ ಫೋನಿನೊಳಗೆ ಮಕ್ಕಾದಲ್ಲಿ ಕೊಂಡ ಸಿಮ್ ಹಾಕಿದರೆ ಹಾಜಿ ಅಲ್ಲಿನ ಚಂದಾದಾರನಾಗಿಬಿಡುತ್ತಾನೆ. ಮುಅಲ್ಲಿಮರ ಮನೆಯ ವಿಳಾಸ, ಮಂಡಿಯ ಪಿ.ಪಿ. ನಂಬರು ಇವೆಲ್ಲ ಮುಗಿದು, ಚರಿತ್ರೆಯಲ್ಲಿ ಮೊದಲ ಬಾರಿಗೆ ಯಾತ್ರಿಕನಿಗೆ ತನ್ನದೇ ಆದ, ತನ್ನೊಂದಿಗೆ ನಡೆಯುವ ವಿಳಾಸ ದೊರೆಯಿತು.

ಹಾಗಾದರೆ ಊರಿನ ಸಿಮ್ಮನ್ನೇ ಅಲ್ಲಿಯೂ ಬಳಸಬಾರದೇಕೆ? ಬಳಸಬಹುದು, ಅದಕ್ಕೆ ರೋಮಿಂಗ್ ಎನ್ನುತ್ತಾರೆ. ಆದರೆ ಮನೆಯವರು ಮಾಡಿದ ಕರೆ ಮೊದಲು ಭಾರತದ ಜಾಲಕ್ಕೆ ಹೋಗಿ, ಅಲ್ಲಿಂದ ಸಮುದ್ರ ದಾಟಿ ಬರಬೇಕು. ಆ ದಾರಿಯ ಬೆಲೆಯನ್ನು ಕರೆ ಸ್ವೀಕರಿಸಿದವನೂ ತೆರಬೇಕು. ನಮ್ಮ ದೇಶದಲ್ಲಿ ಒಳಬರುವ ಕರೆ 2003ರಿಂದ ಉಚಿತವಾಗಿತ್ತು. ಹೀಗಾಗಿ ವಿದೇಶದಲ್ಲಿ ಕರೆ ಎತ್ತಿದ್ದಕ್ಕೇ ಹಣ ಹೋಗುವುದನ್ನು ಕಂಡು ಬೆಚ್ಚಿದ ಹಾಜಿಗಳು ಎಷ್ಟೋ. ಸೌದಿಯಲ್ಲಿ 2005ರಲ್ಲಿ ಮೊಬೈಲಿಯೂ 2008ರಲ್ಲಿ ಝೈನ್ ಸಂಸ್ಥೆಯೂ ಸೇವೆ ಆರಂಭಿಸಿ ಪೈಪೋಟಿ ಹುಟ್ಟಿದ ಮೇಲೆ ಅಲ್ಲಿನ ಸಿಮ್ ಕೊಳ್ಳುವುದು ಹಾಜಿಗಳಲ್ಲಿ ವಾಡಿಕೆಯಾಯಿತು.

2009ರ ಮಳೆ

ಸಿಮ್ ಬದಲಾಯಿಸಿದರೆ ಸಾಕು, ಎಲ್ಲ ಸರಿಯಾಗುತ್ತದೆ ಎಂದು ನಾವೂ ನಂಬಿದ್ದೆವು. ಆ ನಂಬಿಕೆಗೆ ಪೆಟ್ಟು ಬಿದ್ದದ್ದು 2009ರಲ್ಲಿ.

ಆ ವರ್ಷ ನಮ್ಮ ಖಾಲಾ ಮತ್ತು ಖಾಲೂ ಹಜ್ಜಿಗೆ ಹೊರಟರು. ಹೊರಡಲು ವಾರವಿರುವಾಗ ಅಮೆರಿಕದಲ್ಲಿದ್ದ ಬಂಧುವೊಬ್ಬರು ಪ್ರೀತಿಯಿಂದ ಹೊಸ ಫೋನೊಂದನ್ನು ಕಳುಹಿಸಿದರು. 'ಹೊಸದು, ಗೀರು ಬೀಳದಿರಲಿ, ಅಲ್ಲಿ ಹೋಗಿಯೇ ತೆರೆಯೋಣ' ಎಂದು ಖಾಲೂ ಅದನ್ನು ಪೆಟ್ಟಿಗೆ ಸಹಿತ ಬಟ್ಟೆಯ ನಡುವೆ ಇಟ್ಟರು. ನಾಲ್ಕು ವರ್ಷ ದುಡಿದಿದ್ದ ಹಳೆಯ ಫೋನನ್ನು ಮೊಮ್ಮಗನ ಕೈಗೆ ಕೊಟ್ಟರು. ಮಕ್ಕಾದಲ್ಲಿ ಸೌದಿ ಸಿಮ್ ಕೊಂಡು, ಸಹಯಾತ್ರಿಕರೊಬ್ಬರ ಫೋನಿನಿಂದ ಆ ಸಂಖ್ಯೆಯನ್ನು ನಮಗೆ ತಿಳಿಸಿದರು. ಆಮೇಲೆ ಹೊಸ ಫೋನಿಗೆ ಸಿಮ್ ಹಾಕಿದರೆ ಪರದೆಯ ಮೇಲೆ ಮೂಡಿದ್ದು ಸಂಕೇತ ಸಂಖ್ಯೆ ಕೇಳುವ ಒಂದು ಸಾಲು. ಸಿಮ್ಮೇ ಕೆಟ್ಟಿದೆಯೆಂದು ತಿಳಿದು ಇನ್ನೊಂದನ್ನು ಕೊಂಡರು. ಮತ್ತೆ ಅದೇ ಸಾಲು. ಕೊನೆಗೆ ಅಂಗಡಿಯವನು ತಲೆಯಾಡಿಸಿ, ಇದು ಬೀಗ ಹಾಕಿದ ಫೋನು, ಕೊಟ್ಟ ಕಂಪನಿಯ ಸಿಮ್ ಬಿಟ್ಟು ಬೇರೆ ಯಾವುದನ್ನೂ ಒಪ್ಪದು ಎಂದನಂತೆ. ಆ ಹೊತ್ತಿಗೆ ಮಿನಾಕ್ಕೆ ಹೊರಡುವ ಸಮಯವಾಗಿತ್ತು.

ನವೆಂಬರ್ 25, ಬುಧವಾರ, ದುಲ್‌ಹಜ್ಜ್ 8. ಆ ದಿನ ಜಿದ್ದಾದಲ್ಲಿ ಕಂಡರಿಯದ ಮಳೆ ಸುರಿಯಿತು. ಕೆಲವೇ ಗಂಟೆಗಳಲ್ಲಿ ಬೀದಿಗಳು ನದಿಗಳಾದವು. ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ದೂರದರ್ಶನದ ಪರದೆಯಲ್ಲಿ ನೀರಿನಲ್ಲಿ ತೇಲುವ ಕಾರುಗಳನ್ನು ಕಂಡ ರಾಮಗಿರಿಯ ನಮಗೆ, ಜಿದ್ದಾ ಬೇರೆ, ಅಲ್ಲಿಂದ 80 ಕಿಲೋಮೀಟರಿನಷ್ಟು ದೂರದ ಮಕ್ಕಾ ಬೇರೆ, ಮಿನಾ ಬೇರೆ ಎಂಬ ವಿವೇಕ ಎಲ್ಲಿಂದ ಬರಬೇಕು? ಖಾಲೂ ಕೊಟ್ಟ ಸಂಖ್ಯೆಗೆ ಕರೆ ಮಾಡಿದರೆ ಸಂಪರ್ಕವೇ ಇಲ್ಲ. ಸಂಜೆಯ ಹೊತ್ತಿಗೆ ಯಾರೋ ಎಲ್ಲಿಯೋ ಕೇಳಿದ ಮಾತು ಬಂತು: ಕರ್ನಾಟಕದವರಿದ್ದ ಬಸ್ಸೇ ಕೊಚ್ಚಿಹೋಗಿದೆಯಂತೆ. ಹೇಳಿದವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಕೇಳಿದ ನಮಗೆ ಅಲ್ಲಗಳೆಯಲು ಆಧಾರವಿರಲಿಲ್ಲ. ಹುದೈಬಿಯಾದ ವದಂತಿಯ ಪಾಠವನ್ನು ಎಷ್ಟು ಸಲ ಓದಿದ್ದರೂ ಆ ಎರಡು ರಾತ್ರಿ ನಾವು ನಿದ್ರಿಸಲಿಲ್ಲ.

27ರ ರಾತ್ರಿ ಹತ್ತು ಗಂಟೆಯ ಸುಮಾರಿಗೆ ಮನೆಯ ಸ್ಥಿರ ದೂರವಾಣಿ ಮೊಳಗಿತು. ಆ ಕಡೆ ಖಾಲಾ! ಮಿನಾದ ಡೇರೆಯಲ್ಲಿ ಪಕ್ಕದಲ್ಲಿದ್ದ ಮಲಬಾರಿನ ಸಹೋದರಿಯೊಬ್ಬರು ತಮ್ಮ ಫೋನನ್ನು ಕೊಟ್ಟಿದ್ದರು. ಮಕ್ಕಳ ಮೊಬೈಲ್ ಸಂಖ್ಯೆಗಳೆಲ್ಲ ಮೊಮ್ಮಗನ ಕೈಯಲ್ಲಿದ್ದ ಹಳೆಯ ಫೋನಿನೊಳಗೆ ಉಳಿದಿದ್ದವು. ಖಾಲಾರಿಗೆ ಬಾಯಿಪಾಠವಾಗಿದ್ದುದು ಮನೆಯ ಹಳೆಯ ಸಂಖ್ಯೆಯೊಂದೇ. ಅದನ್ನೂ 08191 ಎಂದೇ ಒತ್ತಿದ್ದರಿಂದ ಮೂರು ಸಲ ಕರೆ ಹೋಗಲಿಲ್ಲ. ಆ ಸಹೋದರಿ ಕೇಳಿ ತಿಳಿದು, ಮೊದಲ ಸೊನ್ನೆಯನ್ನು ತೆಗೆದು, ಅದರ ಜಾಗದಲ್ಲಿ ಭಾರತದ ಸಂಖ್ಯೆ 91ನ್ನು ಸೇರಿಸಿ ಒತ್ತಿದಾಗ ರಾಮಗಿರಿಯ ಗಂಟೆ ಬಾರಿಸಿತು. ಡೇರೆಯ ಹೊರಗೆ ನೀರು ಹರಿದದ್ದು ಬಿಟ್ಟರೆ ಅವರಿಗೇನೂ ಆಗಿರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಮರುದಿನ ನಮ್ಮಲ್ಲಿ ಬಕ್ರೀದ್. ಖಾಲಾ ಮೊದಲು ಕೇಳಿದ್ದು, ಮಕ್ಕಳಿಗೆ ಹಬ್ಬದ ಬಟ್ಟೆ ಆಯಿತೇ ಎಂದು. ಇಲ್ಲಿ ಯಾರಿಗೂ ಉತ್ತರಿಸಲು ಗಂಟಲಿನಿಂದ ಮಾತು ಹೊರಡಲಿಲ್ಲ.

ಬೀಗದ ಚರಿತ್ರೆ

ಆ ಫೋನಿಗೆ ಬೀಗ ಹಾಕಿದವರಾರು, ಏಕೆ? ಹಲವು ದೇಶಗಳಲ್ಲಿ ಸೇವಾ ಸಂಸ್ಥೆಗಳು ಫೋನನ್ನು ಕಡಿಮೆ ಬೆಲೆಗೆ ಕೊಟ್ಟು, ಒಂದೆರಡು ವರ್ಷ ತಮ್ಮಲ್ಲೇ ಚಂದಾದಾರರಾಗಿರುವ ಕರಾರು ಮಾಡಿಸಿಕೊಳ್ಳುತ್ತಿದ್ದವು. ಗ್ರಾಹಕ ನಡುವೆ ಬಿಟ್ಟುಹೋಗದಿರಲೆಂದು, ಬೇರೆ ಸಂಸ್ಥೆಯ ಸಿಮ್ಮನ್ನು ಒಪ್ಪದಂತೆ ಫೋನಿನ ತಂತ್ರಾಂಶದಲ್ಲೇ ಕಟ್ಟು ಹಾಕುತ್ತಿದ್ದವು. ಭಾರತದಲ್ಲಿ ಜಿ.ಎಸ್.ಎಂ. ಫೋನನ್ನು ನಾವು ಬಹುಮಟ್ಟಿಗೆ ಪೂರ್ಣ ಬೆಲೆ ಕೊಟ್ಟೇ ಕೊಳ್ಳುತ್ತಿದ್ದುದರಿಂದ ಈ ಬೀಗದ ಪರಿಚಯ ನಮಗೆ ಕಡಿಮೆ. ನಮ್ಮಲ್ಲಿದ್ದದ್ದು ಇನ್ನೊಂದು ಬಗೆಯ ಬಂಧನ: 2000ದ ದಶಕದಲ್ಲಿ ಅಗ್ಗವಾಗಿ ದೊರೆತ ಸಿ.ಡಿ.ಎಂ.ಎ. ಫೋನುಗಳಲ್ಲಿ ಹಲವಕ್ಕೆ ಸಿಮ್ಮೇ ಇರಲಿಲ್ಲ. ಗುರುತು ಯಂತ್ರದೊಳಗೇ ಸೇರಿಹೋಗಿತ್ತು.

ಹಣ ಪೂರ್ತಿ ಪಾವತಿಯಾದ ಮೇಲೂ ವಸ್ತುವಿನ ಮೇಲೆ ಮಾರಿದವನ ಹಿಡಿತ ಉಳಿಯಬೇಕೇ ಎಂಬ ಪ್ರಶ್ನೆ ಆ ದೇಶಗಳಲ್ಲೂ ಎದ್ದಿತು. ಅಮೆರಿಕದಲ್ಲಿ 2013ರ ಜನವರಿಯಿಂದ ಹೊಸ ಫೋನಿನ ಬೀಗವನ್ನು ಸಂಸ್ಥೆಯ ಒಪ್ಪಿಗೆಯಿಲ್ಲದೆ ತೆಗೆಯುವುದು ಕಾನೂನುಬಾಹಿರವಾಗಿತ್ತು. ಜನರ ಒತ್ತಾಯದ ಫಲವಾಗಿ 2014ರ ಆಗಸ್ಟ್ 1ರಂದು ಅದಕ್ಕೆ ಅವಕಾಶ ನೀಡುವ ಕಾನೂನಿಗೆ ಅಧ್ಯಕ್ಷ ಒಬಾಮಾ ಸಹಿ ಹಾಕಿದರು. ಕೆನಡಾ 2017ರ ಡಿಸೆಂಬರಿನಿಂದ, ಬ್ರಿಟನ್ 2021ರ ಡಿಸೆಂಬರಿನಿಂದ ಬೀಗ ಹಾಕಿದ ಫೋನುಗಳ ಮಾರಾಟವನ್ನೇ ನಿಲ್ಲಿಸಿದವು. ಕ್ರಯ ಪೂರ್ಣವಾದರೆ ವಸ್ತುವಿನ ಒಡೆತನ ಕೊಂಡವನದು ಎಂಬುದು ನಮ್ಮ ಫಿಕ್ಹ್ ಗ್ರಂಥಗಳು ಬಲ್ಲ ಹಳೆಯ ಮಾತು. ಹಾಗೆಯೇ ಕರಾರಿನ ಅವಧಿ ಮುಗಿಯುವವರೆಗೆ ಮಾತಿಗೆ ಬದ್ಧನಾಗಿರಬೇಕೆಂಬುದೂ ನಮ್ಮ ದೀನ್ ಕಲಿಸಿದ್ದೇ. ಆದ್ದರಿಂದ ಬಾಕಿ ತೀರಿಸಿ, ಸಂಸ್ಥೆಯನ್ನೇ ಕೇಳಿ ಬೀಗ ತೆಗೆಸಿದ ಫೋನನ್ನು ಬಂಧುಗಳಿಗೆ ಕಳುಹಿಸುವುದು ಸರಿಯಾದ ಮಾರ್ಗ. ಅಂದು ನಮ್ಮ ಬಂಧು ಇಷ್ಟು ಮಾಡಿದ್ದರೆ, ಅಥವಾ ಖಾಲೂ ಪೆಟ್ಟಿಗೆಯನ್ನು ರಾಮಗಿರಿಯಲ್ಲೇ ತೆರೆದು ಯಾವುದಾದರೂ ಸಿಮ್ ಹಾಕಿ ನೋಡಿದ್ದರೆ, ಆ ಎರಡು ರಾತ್ರಿಗಳು ಇರುತ್ತಿರಲಿಲ್ಲ.

ಬೀಗದ ಕತೆ ಮುಗಿದಿಲ್ಲ, ರೂಪ ಬದಲಿಸಿದೆ. ಈಗ ಚಿಪ್ಪನ್ನೇ ಹಾಕದೆ ಫೋನಿನೊಳಗೆ ಗುರುತನ್ನು ಇಳಿಸಿಕೊಳ್ಳುವ ಇ-ಸಿಮ್ ಬಂದಿದೆ. ಕುಳಿತಲ್ಲೇ ಸಂಸ್ಥೆ ಬದಲಿಸಬಹುದಾದ ಈ ಸೌಲಭ್ಯ ಬಲ್ಲವರಿಗೆ ಅನುಕೂಲವೇ. ಆದರೆ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ 2022ರ ಮಾದರಿಯಿಂದೀಚೆಗೆ ಸಿಮ್ ಹಾಕುವ ಜಾಗವೇ ಇಲ್ಲ. ವಿದೇಶದ ಮಕ್ಕಳು ಪ್ರೀತಿಯಿಂದ ಕಳುಹಿಸಿದ ಅಂಥ ಫೋನನ್ನು ಹಿಡಿದ ತಂದೆತಾಯಿಗಳಿಗೆ ಯಾತ್ರೆಯ ನಡುವೆ ಯಾರಾದರೂ ಸಿಮ್ ಕಾರ್ಡು ಕೊಟ್ಟರೆ ಅದನ್ನು ಇಡುವುದೆಲ್ಲಿ? ಖಾಲೂರ ಪೆಟ್ಟಿಗೆ ಇಂದಿಗೂ ಎಷ್ಟೋ ಮನೆಗಳಲ್ಲಿ ತೆರೆಯದೆ ಕುಳಿತಿದೆ.

ಪಾಥೇಯವೂ ತವಕ್ಕುಲ್‌ನ ಭಾಗ

ಯಮನ್‌ನ ಕೆಲವರು ಪಾಥೇಯವಿಲ್ಲದೆ ಹಜ್ಜಿಗೆ ಹೊರಟು, ತಾವು ಅಲ್ಲಾಹನ ಮೇಲೆ ಭರವಸೆ ಇಟ್ಟವರೆಂದು ಹೇಳಿಕೊಂಡು, ಮಕ್ಕಾ ತಲುಪಿದ ಮೇಲೆ ಜನರ ಮುಂದೆ ಕೈಚಾಚುತ್ತಿದ್ದರೆಂದು ಇಬ್ನು ಅಬ್ಬಾಸ್(ರ)ರು ತಿಳಿಸಿದ್ದಾರೆ. ಹಜ್ಜಿಗೆ ಪಾಥೇಯ ಕಟ್ಟಿಕೊಳ್ಳಬೇಕೆಂದೂ ಪಾಥೇಯಗಳಲ್ಲಿ ತಕ್ವಾ ಶ್ರೇಷ್ಠವೆಂದೂ ಕಲಿಸುವ ಆಯತ್ ಅವತೀರ್ಣವಾದದ್ದು ಈ ಹಿನ್ನೆಲೆಯಲ್ಲಿ. ಸಿದ್ಧತೆ ಮಾಡಿಕೊಳ್ಳುವುದು ಭರವಸೆಗೆ ವಿರುದ್ಧವಲ್ಲ. ಇಂದಿನ ಪಾಥೇಯದಲ್ಲಿ ಕೆಲವು ಸಣ್ಣ ಸಂಗತಿಗಳೂ ಸೇರುತ್ತವೆ. ನಮ್ಮ ಮನೆ ಕಷ್ಟಪಟ್ಟು ಕಲಿತವುಗಳನ್ನು ಇಲ್ಲಿ ಹಂಚಿಕೊಳ್ಳುತ್ತೇವೆ.

ಹೊರಡುವ ತಿಂಗಳ ಮೊದಲೇ ನೆರೆಯವರ ಬೇರೆ ಸಂಸ್ಥೆಯ ಸಿಮ್ಮನ್ನು ನಿಮ್ಮ ಫೋನಿಗೆ ಹಾಕಿ ನೋಡಿರಿ. ಕರೆ ಹೋದರೆ ಬೀಗವಿಲ್ಲ. ಎರಡು ಸಿಮ್ ಹಿಡಿಯುವ ಫೋನಿದ್ದರೆ ಊರಿನ ಸಿಮ್ಮನ್ನು ತೆಗೆಯದಿರಿ. ಬ್ಯಾಂಕಿನ ಸಂದೇಶಗಳು ಬರುವುದು ಆ ಸಂಖ್ಯೆಗೇ. ಹಣ ಪಾವತಿಯ ಆ್ಯಪ್‌ಗಳು ಆ ಸಿಮ್ ಫೋನಿನೊಳಗಿರಬೇಕೆಂದು ಬಯಸುತ್ತವೆ. ಅದರ ರೋಮಿಂಗ್ ಸೌಲಭ್ಯವನ್ನು ಊರಿನಲ್ಲಿರುವಾಗಲೇ ಸಂಸ್ಥೆಯಲ್ಲಿ ವಿಚಾರಿಸಿ ಚಾಲ್ತಿ ಮಾಡಿಸಿ, ರೋಮಿಂಗ್ ಡೇಟಾವನ್ನು ಮಾತ್ರ ಆರಿಸಿಡಿರಿ. ಫೋನು ಒಂದೇ ಸಿಮ್ಮಿನದಾದರೆ, ತೆಗೆದ ಸಿಮ್ಮನ್ನು ದುಆ ಪುಸ್ತಕದ ರಕ್ಷಾಪುಟದ ಒಳಗೆ ಅಂಟಿಸಿಡಿರಿ. ಉಗುರಿನಷ್ಟಿರುವ ಚಿಪ್ಪು ಡೇರೆಯಲ್ಲಿ ಬಿದ್ದರೆ ಮತ್ತೆ ಸಿಗದು.

ಸೌದಿಯಲ್ಲಿ 2016ರಲ್ಲಿ ಸಿಮ್ ಪಡೆಯಲು ಬೆರಳಚ್ಚನ್ನು ಕಡ್ಡಾಯಗೊಳಿಸಲಾಯಿತು. ಸಿಮ್ ನಿಮ್ಮ ಹೆಸರಿನಲ್ಲೇ ಇರಲಿ. ಬೇರೊಬ್ಬರ ಹೆಸರಿನ ಸಿಮ್ ಕೊಳ್ಳುವುದಾಗಲಿ, ಮರಳುವಾಗ ನಿಮ್ಮದನ್ನು ಅಪರಿಚಿತರಿಗೆ ಕೊಟ್ಟು ಬರುವುದಾಗಲಿ ಬೇಡ. ಅದರಿಂದ ನಡೆಯುವ ಒಳಿತು ಕೆಡುಕುಗಳಿಗೆ ನಿಮ್ಮ ಹೆಸರೇ ಉತ್ತರಿಸಬೇಕಾದೀತು. ಹೊಸ ಸಂಖ್ಯೆ ಸಿಕ್ಕೊಡನೆ ಮನೆಗೆ ತಿಳಿಸಿ, ಕರೆ ಬರುವುದೆಂದು ಒಮ್ಮೆ ಪರೀಕ್ಷಿಸಿರಿ. ಅಲ್ಲಿನವರು 05 ಎಂದು ಆರಂಭಿಸುವ ಮೊಬೈಲ್ ಸಂಖ್ಯೆಗೆ ಇಲ್ಲಿಂದ ಕರೆಯುವಾಗ ಸೊನ್ನೆ ಬಿಟ್ಟು, 966 ಸೇರಿಸಬೇಕು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ ಎಂಬುದನ್ನು ಮನೆಯವರೂ ಅರಿತಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಎರಡು ಸಂಖ್ಯೆಗಳನ್ನು 91 ಸಹಿತ ಕಾಗದದಲ್ಲಿ ಬರೆದು ಕೊರಳ ಚೀಲದಲ್ಲಿಡಿರಿ, ಒಂದನ್ನಾದರೂ ಬಾಯಿಪಾಠ ಮಾಡಿರಿ. ಖಾಲಾರನ್ನು ಮನೆಗೆ ತಲುಪಿಸಿದ್ದು ಹೊಸ ಫೋನಲ್ಲ, ಅವರ ನೆನಪು ಮತ್ತು ಪಕ್ಕದ ಸಹೋದರಿಯ ಔದಾರ್ಯ.

ಇದು ಅತಿಯಾದ ಎಚ್ಚರಿಕೆಯೆಂದು ಅನ್ನಿಸಿದರೆ 2024ರ ಹಜ್ಜನ್ನು ನೆನೆಯಿರಿ. ಆ ವರ್ಷ ಮಕ್ಕಾದಲ್ಲಿ ಬಿಸಿಲು 50 ಡಿಗ್ರಿ ಸೆಲ್ಸಿಯಸ್ ಮೀರಿತು. 1301 ಮಂದಿ ಮೃತರಾದರೆಂದು ಸೌದಿ ಸರಕಾರ ತಿಳಿಸಿತು. ಅವರಲ್ಲಿ ಹಲವರ ಬಳಿ ಗುರುತಿನ ಪತ್ರವೇ ಇಲ್ಲದ್ದರಿಂದ ಅವರು ಯಾರೆಂದು ತಿಳಿದು ಮನೆಯವರಿಗೆ ಮುಟ್ಟಿಸಲು ಸಮಯ ಹಿಡಿಯಿತೆಂದೂ ಹೇಳಿತು. ಅದೇ ವರ್ಷದ ಮಾರ್ಚ್‌ನಲ್ಲಿ ಭಾರತ ಸರಕಾರ ಯಾತ್ರಿಕರಿಗಾಗಿ 'ಹಜ್ಜ್ ಸುವಿಧಾ' ಎಂಬ ಆ್ಯಪ್ ಆರಂಭಿಸಿತ್ತು. ಸಾಧನಗಳು ಹೆಚ್ಚಿವೆ. ಅವು ಕೈಯಲ್ಲಿದ್ದೂ ನಿಶ್ಶಬ್ದವಾಗಿದ್ದರೆ ಮನೆಯವರ ಪಾಲಿಗೆ ಅದು ಮತ್ತೆ ಏರೋಗ್ರಾಮಿನ ಕಾಲವೇ.

ಫೋನನ್ನು ಆರಿಸುವ ಹೊತ್ತು

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮುತ್ತಜ್ಜನವರ ಕಾಲದ ಮೌನದಲ್ಲಿ ನೋವಿತ್ತು, ಏಕಾಗ್ರತೆಯೂ ಇತ್ತು. ಇಂದು ತವಾಫಿನ ನಡುವೆ ಮೊಳಗುವ ಗಂಟೆಗಳೂ ಅರಫಾದ ಮೈದಾನದಲ್ಲಿ ಮುಖದ ಮುಂದೆ ಎತ್ತಿ ಹಿಡಿದ ಫೋನುಗಳೂ ಬಂದವರ ಹೃದಯವನ್ನು ಬಂದ ಉದ್ದೇಶದಿಂದ ಬೇರೆಡೆಗೆ ಎಳೆಯುತ್ತಿವೆ. ಸುದ್ದಿ ಮುಟ್ಟಿಸುವುದು ಮನೆಯವರ ಹಕ್ಕು. ಆ ಹಕ್ಕು ಪೂರೈಸಿದ ಮೇಲಿನ ಹೊತ್ತು ಅಲ್ಲಾಹನದು. 'ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ನಾನು ಮಾತನಾಡುವುದಿಲ್ಲ, ಸಂಜೆ ನಾನೇ ಕರೆಯುತ್ತೇನೆ' ಎಂದು ಮೊದಲೇ ತಿಳಿಸಿ ಫೋನನ್ನು ಆರಿಸಿದರೆ ಎರಡೂ ಹಕ್ಕುಗಳು ಉಳಿಯುತ್ತವೆ. ತಿಳಿಸಿ ಮೌನವಾಗುವುದು ಬೇರೆ, ತಿಳಿಸದೆ ಕಾಣೆಯಾಗುವುದು ಬೇರೆ.

ಖಾಲೂ ಈಗ ನಮ್ಮೊಂದಿಗಿಲ್ಲ. ಆ ಬೀಗದ ಫೋನು ನಮ್ಮ ಮನೆಯ ಬೀರುವಿನಲ್ಲಿ ಇನ್ನೂ ಇದೆ. ಹಜ್ಜಿಗೆ ಹೊರಡುವ ಬಂಧುಗಳು ಬಂದಾಗ ಖಾಲಾ ಅದನ್ನು ಹೊರತೆಗೆದು ತೋರಿಸಿ, "ಮೊದಲು ಪೆಟ್ಟಿಗೆ ತೆರೆದು ನೋಡಿ ಮಕ್ಕಳೇ" ಎನ್ನುತ್ತಾರೆ. ಮುಂದಿನ ಶಿಬಿರದಲ್ಲಿ ಹಿರಿಯರೊಬ್ಬರು ಫೋನು ಹಿಡಿದು ಎದ್ದುನಿಂತರೆ ನಗಬೇಡಿರಿ. ಎದ್ದು ಹೋಗಿ, ನಿಮ್ಮ ಸಿಮ್ಮನ್ನು ಅವರ ಫೋನಿಗೆ ಹಾಕಿ ನೋಡಿಕೊಡಿರಿ.

ಅಲ್ಲಾಹನು ಯಾತ್ರಿಕರೆಲ್ಲರ ಹಜ್ಜನ್ನು ಸ್ವೀಕರಿಸಲಿ, ಅವರನ್ನು ಕ್ಷೇಮವಾಗಿ ಮನೆಗೆ ಮರಳಿಸಲಿ, ಕಾಯುವ ಮನೆಗಳಿಗೆ ಒಳ್ಳೆಯ ಸುದ್ದಿಯನ್ನೇ ಕೇಳಿಸಲಿ. ಆಮೀನ್.